ಹೀಟರ್ ಬಿಸಿ ಆಗುವವರೆಗೆ ಏರ್ ಲಾಕ್ ಹೋಗಿಲ್ಲ

ವಾಟರ್ ಪಂಪ್ ಹಾಕಿದ ಮೇಲೋ, ರೇಡಿಯೇಟರ್ ಬಿಚ್ಚಿ ಕೂರಿಸಿದ ಮೇಲೋ, ಬರೀ ಒಂದು ಹೋಸ್ ಬದಲಿಸಿದ ಮೇಲೋ ಗಾಡಿ ಎರಡೇ ದಿನಕ್ಕೆ ಹೀಟ್ ಆಗಿ ಗ್ಯಾರೇಜಿಗೆ ವಾಪಸ್ ಬಂದರೆ, ಹೊಸ ಪಾರ್ಟಿನ ಮೇಲೆ ತಪ್ಪು ಹೊರಿಸುವ ಮೊದಲು ಒಳಗೆ ಉಳಿದಿರುವ ಗಾಳಿಯನ್ನು, ಅಂದರೆ ಏರ್ ಲಾಕನ್ನು, ಹುಡುಕಬೇಕು.

ಪಂಪಿನ ರೆಕ್ಕೆ ನೀರನ್ನು ತಳ್ಳುತ್ತದೆ, ಗಾಳಿ ಸಿಕ್ಕಿದರೆ ಸುಮ್ಮನೆ ತಿರುಗುತ್ತದೆ. ಗಾಳಿ ಎತ್ತರದ ಜಾಗ ಹಿಡಿದು ಕೂರುತ್ತದೆ: ಸಿಲಿಂಡರ್ ಹೆಡ್, ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಕೂರುವ ಜಾಗ, ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್ (ಹೀಟರಿನ ಚಿಕ್ಕ ರೇಡಿಯೇಟರ್). ಥರ್ಮೋಸ್ಟಾಟ್ ಒಳಗಿನ ಮೇಣಕ್ಕೆ ಬಿಸಿ ಕೂಲಂಟ್ (ಇಂಜಿನ್ ತಂಪಿಡುವ ದ್ರವ) ತಾಗಿದರೆ ಮಾತ್ರ ಅದು ಕರಗಿ, ಹಿಗ್ಗಿ, ವಾಲ್ವ್ ತೆರೆಯುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕು ಎಂಬುದು ಸಾಮಾನ್ಯವಾಗಿ ಅದರ ಮೇಲೆಯೇ ಇರುತ್ತದೆ, 82 ಅಥವಾ 88 ಎಂದು. ಸುತ್ತ ಗಾಳಿ ನಿಂತಿದ್ದರೆ ಹೆಡ್ ಕುದಿಯುತ್ತಿದ್ದರೂ ವಾಲ್ವ್ ಮುಚ್ಚಿಕೊಂಡೇ ಇರಬಹುದು. ಟೆಂಪರೇಚರ್ ಸೆನ್ಸರ್ ಕಥೆಯೂ ಅಷ್ಟೇ. ಗಾಳಿಯಲ್ಲಿ ನಿಂತ ಸೆನ್ಸರ್ ಇರುವುದಕ್ಕಿಂತ ಕಡಿಮೆ ಹೇಳುತ್ತದೆ, ಮೀಟರಿನ ಮುಳ್ಳು ಆರಾಮಾಗಿ ಮಧ್ಯದಲ್ಲಿ ನಿಂತಿರುತ್ತದೆ. ಹಾಗಾಗಿ ಬ್ಲೀಡ್ ಮಾಡುವಾಗ, ಅಂದರೆ ಒಳಗಿನ ಗಾಳಿ ಹೊರಹಾಕುವಾಗ, ಮುಳ್ಳನ್ನು ನಂಬಬಾರದು. ನಂಬಬೇಕಾದ್ದು ಹೀಟರನ್ನು ಮತ್ತು ಅಳತೆ ಜಗ್ಗನ್ನು.

ಹೀಟರ್ ವಿಷಯ ನಮ್ಮ ಕಡೆ ಸುಲಭವಾಗಿ ತಪ್ಪಿಹೋಗುತ್ತದೆ. ಮಂಗಳೂರಲ್ಲಾಗಲಿ ಬಳ್ಳಾರಿಯಲ್ಲಾಗಲಿ ಹೀಟರ್ ಹಾಕುವವರು ಯಾರು? ಗಿರಾಕಿ ಆ ದೂರು ತರುವುದೇ ಇಲ್ಲ. ನಾಬನ್ನು ನಾವೇ ಪೂರ್ತಿ ಬಿಸಿಗೆ ತಿರುಗಿಸಿ ನೋಡಬೇಕು. ನಿಂತಲ್ಲಿ ತಣ್ಣಗಿನ ಗಾಳಿ, ರೇಸ್ ಕೊಟ್ಟಾಗ ಬಿಸಿ ಗಾಳಿ ಬಂದರೆ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದಾದರೆ, ಹೀಟರ್ ಕೋರಿನಲ್ಲಿ ಗಾಳಿ ಇರುವುದು ಬಹುತೇಕ ಖಾತ್ರಿ. ಹಳೆ ಕಾರುಗಳಲ್ಲಿ ಹೀಟರ್ ವಾಲ್ವ್ ಕೇಬಲ್ ಮೇಲೆ ನಡೆಯುತ್ತದೆ. ವರ್ಷಗಟ್ಟಲೆ ಮುಟ್ಟದೆ ಜಾಮ್ ಆಗಿದ್ದರೆ ನಾಬ್ ತಿರುಗುತ್ತದೆ, ವಾಲ್ವ್ ತಿರುಗುವುದಿಲ್ಲ. ಬಾನೆಟ್ ಎತ್ತಿ ವಾಲ್ವನ್ನೇ ಕಣ್ಣಾರೆ ನೋಡಿ.

ಇನ್ನು ಅಳತೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟನ್ನು ಟಬ್ಬಿಗೆ ಇಳಿಸಿ, ಎಷ್ಟು ಬಂತು ಎಂದು ಅಳೆದು ಬರೆದಿಡಿ. 4.5 ಲೀಟರ್ ಇಳಿದು 3.7 ಲೀಟರಿಗೇ ತುಂಬಿತು ಅನ್ನಿಸಿದರೆ ಒಳಗೆ 800 ಮಿಲಿಲೀಟರ್ ಗಾಳಿ ಇದೆ. ಮೊದಲೇ ಲೆವೆಲ್ ಇಳಿದಿದ್ದ ಗಾಡಿಯಾದರೆ ಇಳಿದದ್ದಕ್ಕಿಂತ ಹೆಚ್ಚೇ ಹಿಡಿಸಬೇಕು. ಇಳಿಸಿದ ಟಬ್ಬನ್ನು ತಕ್ಷಣ ಮುಚ್ಚಿಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಬೀದಿ ನಾಯಿಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹಾಳಾಗಿ ಸಾಯುತ್ತವೆ.

ತುಂಬುವಾಗ ಗಾಡಿಯ ಮೂತಿ ಮೇಲಿರಲಿ, ರೇಡಿಯೇಟರಿನ ಬಾಯಿಯೇ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ. ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆ ಹಾಕಿ, ನಿಮಿಷಕ್ಕೆ ಒಂದು ಲೀಟರಿನಂತೆ ನಿಧಾನ ಸುರಿಯಿರಿ. ಮೇಲಿನ ಹೋಸನ್ನು ಕೆಚ್ಚಲು ಹಿಂಡಿದಂತೆ ಹಿಂಡುತ್ತಿದ್ದರೆ ಆಲಿಕೆಯಲ್ಲಿ ಗುಳ್ಳೆ ಏಳುತ್ತದೆ. ಬ್ಲೀಡ್ ಸ್ಕ್ರೂ ಇದ್ದರೆ ಥರ್ಮೋಸ್ಟಾಟ್ ಹತ್ತಿರ, ಹೀಟರ್ ಪೈಪಿನ ಮೇಲೆ ಅಥವಾ ರೇಡಿಯೇಟರಿನ ಮೇಲ್ಮೂಲೆಯಲ್ಲಿ ಹುಡುಕಿ. ಸಡಿಲಿಸಿದಾಗ ಮೊದಲು ಬುಸ್ ಎನ್ನುತ್ತದೆ, ಆಮೇಲೆ ನೊರೆ ಉಗುಳುತ್ತದೆ, ಕೊನೆಗೆ ಕಡಿಯದ ದಾರದಂತೆ ಕೂಲಂಟ್ ಇಳಿಯುತ್ತದೆ. ದಾರ ಬಂದ ಮೇಲೆಯೇ ಮುಚ್ಚಬೇಕು. ಪ್ಲಾಸ್ಟಿಕ್ ಸ್ಕ್ರೂಗೆ ಜೋರು ಬೇಡ, ತಲೆ ಮುರಿದರೆ ರೇಡಿಯೇಟರೇ ಹೋಗಬಹುದು.

ಹೊಸ ಥರ್ಮೋಸ್ಟಾಟ್ ಹಾಕಿದ್ದರೆ ಅದರ ಅಂಚಿನಲ್ಲಿ ಅಲುಗಾಡುವ ಚಿಕ್ಕ ಪಿನ್ ಇದೆಯೇ ನೋಡಿ. ಗಾಳಿ ನುಸುಳಿ ಹೋಗಲೆಂದೇ ಇಟ್ಟಿರುವ ತೂತು ಅದು. ನೆಟ್ಟಗೆ ನಿಲ್ಲುವ ಥರ್ಮೋಸ್ಟಾಟಿನಲ್ಲಿ ಪಿನ್ ಮೇಲಕ್ಕೆ ಬರಬೇಕು. ಕೆಳಕ್ಕೆ ತಿರುಗಿಸಿ ಕೂರಿಸಿದರೆ ಗಾಳಿಗೆ ದಾರಿಯೇ ಇಲ್ಲ.

ಆಲಿಕೆ ಅರ್ಧ ತುಂಬಿರುವಾಗಲೇ, ಎಸಿ ಆಫ್ ಇಟ್ಟು, ಹೀಟರ್ ಪೂರ್ತಿ ಬಿಸಿಗಿಟ್ಟು ಸ್ಟಾರ್ಟ್ ಮಾಡಿ. ಬೆಚ್ಚಗಾದ ಮೇಲೆ 2000ದಿಂದ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಬಿಡಿ, ನಾಲ್ಕೈದು ಸಲ. ಥರ್ಮೋಸ್ಟಾಟ್ ತೆರೆದಾಗ ಆಲಿಕೆಯ ಲೆವೆಲ್ ದಿಢೀರ್ ಇಳಿಯಬಹುದು, ಆಲಿಕೆ ಖಾಲಿಯಾಗಲು ಬಿಡಬೇಡಿ. ಫ್ಯಾನ್ ಎರಡು ಸಲ ಬಂದು ನಿಲ್ಲಬೇಕು, ಹೀಟರ್ ನಿಂತಲ್ಲೇ ಬಿಸಿ ಊದಬೇಕು. ಅಷ್ಟಾದ ಮೇಲೆ ಇಂಜಿನ್ ನಿಲ್ಲಿಸಿ, ಆಲಿಕೆ ತೆಗೆಯದೆ ತಣ್ಣಗಾಗಲು ಬಿಡಿ. ಬಿಸಿಯಲ್ಲಿ ಮುಚ್ಚಳ ತೆಗೆಯುವ ಸಾಹಸ ಯಾರೂ ಮಾಡಬೇಡಿ.

ಒಂದು ಮಾತು ಬೆಂಗಳೂರಿನಂಥ ಎತ್ತರದ ಊರಿನವರಿಗೆ. ಸುಮಾರು 900 ಮೀಟರ್ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಅನೇಕ ಕಾರುಗಳ ಫ್ಯಾನ್ ತಿರುಗುವುದೂ 95ರ ಆಸುಪಾಸಿನಲ್ಲೇ. ಮುಚ್ಚಳ ತೆಗೆದು ಬರೀ ನೀರಿನಲ್ಲಿ ಬ್ಲೀಡ್ ಮಾಡಿದರೆ ಏಳುವ ಗುಳ್ಳೆ ಗಾಳಿಯದೋ ಆವಿಯದೋ ಗೊತ್ತಾಗುವುದಿಲ್ಲ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಇದ್ದರೆ ಕುದಿಯುವುದು ನೂರು ದಾಟಿದ ಮೇಲೆ, ಆಗ ಕಂಡದ್ದನ್ನು ನಂಬಬಹುದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಸುಣ್ಣ ಕಟ್ಟುತ್ತದೆ. ಒಳಗಿನ ಗಾಳಿಯನ್ನು ಮೊದಲೇ ಹೀರಿ ತೆಗೆಯುವ ವ್ಯಾಕ್ಯೂಮ್ ಕಿಟ್ ಬಳಸುವವರಿಗೂ ಇದೇ ಎತ್ತರದ ಲೆಕ್ಕ: ಇಲ್ಲಿ ಮೀಟರ್ ಪಾದರಸದ 27 ಇಂಚಿನ ಆಸುಪಾಸು ದಾಟುವುದಿಲ್ಲ, 24 ಬಂದು ಐದು ನಿಮಿಷ ಅಲುಗದೆ ನಿಂತರೆ ಲೀಕ್ ಇಲ್ಲವೆಂದು ತುಂಬಿಸಬಹುದು.

ಪೋಲೊದಂಥ ಗಾಡಿಗಳಲ್ಲಿ ರೇಡಿಯೇಟರಿಗೆ ಮುಚ್ಚಳ ಇರುವುದಿಲ್ಲ, ಪ್ರೆಷರ್ ತಡೆಯುವ ಟ್ಯಾಂಕಿನಿಂದಲೇ ತುಂಬಬೇಕು. ಟ್ಯಾಂಕಿನ ಮೇಲ್ಭಾಗಕ್ಕೆ ಬರುವ ಸಣ್ಣ ಹೋಸ್ ಕಟ್ಟಿಕೊಂಡಿದ್ದರೆ ಗಾಳಿ ಟ್ಯಾಂಕಿಗೆ ವಾಪಸ್ ಬರುವುದಿಲ್ಲ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದೇ ನೋಡಬೇಕು, ಪಕ್ಕದ ಓವರ್‌ಫ್ಲೋ ಬಾಟಲ್ ಮಾತ್ರ ನೋಡಿದರೆ ಸಾಲದು. ಬಾಟಲ್ ತುಂಬಿದ್ದು ರೇಡಿಯೇಟರ್ ಇಳಿದಿದ್ದರೆ ಮುಚ್ಚಳದ ರಬ್ಬರ್ ಅಥವಾ ಬಾಟಲಿಗೆ ಹೋಗುವ ತೆಳು ಹೋಸ್ ಸೀಳಿದೆ. ತಣ್ಣಗಾಗುವಾಗ ಕೂಲಂಟಿನ ಬದಲು ಗಾಳಿ ಎಳೆದುಕೊಂಡಿದೆ.

ಎಲ್ಲ ಸರಿ ಮಾಡಿದ ಮೇಲೂ ಗುಳ್ಳೆ ನಿಲ್ಲದಿದ್ದರೆ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಅನುಮಾನ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಮೇಲೆ. ರೇಡಿಯೇಟರ್ ಬಾಯಿಗಿಟ್ಟ ಟೆಸ್ಟರಿನ ನೀಲಿ ದ್ರಾವಣ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದೆ ಎಂದರ್ಥ. ಆ ಗಾಡಿಯನ್ನು ಇನ್ನೊಮ್ಮೆ ಬ್ಲೀಡ್ ಮಾಡಿ ಕಳಿಸಬೇಡಿ, ಹೆಡ್ ಇಳಿಸಬೇಕೆಂದು ಗಿರಾಕಿಗೆ ಅಂದೇ ಹೇಳಿ.