ಕಾಗೋಡಿನ ದಾರಿಯಲ್ಲಿ ಎಡ, ಬಲ

ಶಿವಮೊಗ್ಗದಿಂದ ತಾಳಗುಪ್ಪದ ಕಡೆ ಹೋಗುವ ರೈಲು ಕುಂಸಿ ದಾಟಿದ ಮೇಲೆ ಕಾಡು ಹತ್ತಿರವಾಗುತ್ತದೆ. ಎದುರು ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು ವಾದಕ್ಕಿಳಿದಿದ್ದರು. ಒಬ್ಬ 'ಗಂಜಿ ಗಿರಾಕಿ' ಅಂದ, ಅದು ಎಡದವರಿಗೆ ಹಾಕುವ ಬೈಗುಳ. ಇನ್ನೊಬ್ಬ 'ಹೋಗೋ ಭಕ್ತ' ಅಂದ, ಇದು ಬಲದವರಿಗೆ. ಆಮೇಲೆ ಇಬ್ಬರೂ ಒಂದೇ ಪೊಟ್ಟಣದ ಕಡಲೆಕಾಯಿ ಖಾಲಿ ಮಾಡಿದರು. ನಾನು ಹೊರಟಿದ್ದು ಸಾಗರ ತಾಲ್ಲೂಕಿನ ಕಾಗೋಡಿಗೆ. ಎಡ ಅಂದರೇನು, ಬಲ ಅಂದರೇನು ಅಂತ ಕೇಳೋಕೆ ಕರ್ನಾಟಕದಲ್ಲಿ ಅದಕ್ಕಿಂತ ಒಳ್ಳೆಯ ಊರು ನನಗಂತೂ ಗೊತ್ತಿಲ್ಲ.

ಈ ಎಡ-ಬಲ ಶುರುವಾದದ್ದು ಫ್ರಾನ್ಸಿನಲ್ಲಿ, 1789ರಲ್ಲಿ. ಸಭೆ ಒಪ್ಪಿದ ಕಾನೂನನ್ನು ತಡೆಯುವ ಹಕ್ಕು ರಾಜನಿಗೆ ಇರಬೇಕೋ ಬೇಡವೋ ಅಂತ ಅಲ್ಲಿ ಚರ್ಚೆ ನಡೆಯಿತು. ರಾಜನ ಪರ ಇದ್ದವರು ಅಧ್ಯಕ್ಷರ ಬಲಗಡೆ ಸೇರಿಕೊಂಡರು, ವಿರುದ್ಧ ಇದ್ದವರು ಎಡಗಡೆ. ರಾಜ ಹೋದ, ಹೆಸರು ಉಳಿಯಿತು. ನಮ್ಮ ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಬಲಕ್ಕೆ ಕೂರುವುದು ಸರ್ಕಾರ, ಎಡಕ್ಕೆ ವಿರೋಧ ಪಕ್ಷ. ಗೆದ್ದವರೆಲ್ಲ ಬಲ, ಸೋತವರೆಲ್ಲ ಎಡ! ಅಂದರೆ ಕುರ್ಚಿ ನೋಡಿ ಏನೂ ತಿಳಿಯುವುದಿಲ್ಲ, ಪ್ರಶ್ನೆ ಏನು ಅಂತ ನೋಡಬೇಕು.

ಆನಂದಪುರ ಬಂತು. 1952ರ ಚುನಾವಣೆಯಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸೋಲಿಸಿದ್ದು ಈ ಊರಿನ ಕಾಂಗ್ರೆಸ್ ನಾಯಕ ಎ.ಆರ್. ಬದರಿನಾರಾಯಣ ಅವರನ್ನು. ಕೈಯಲ್ಲಿ ಕಾಸಿಲ್ಲದ ಗೋಪಾಲಗೌಡರು ಗೆಲ್ಲೋಕೆ ಕಾರಣ ಹಿಂದಿನ ವರ್ಷ ಗೇಣಿ ರೈತರು ನಡೆಸಿದ ಕಾಗೋಡು ಸತ್ಯಾಗ್ರಹ.

ಸಾಗರದಲ್ಲಿ ಇಳಿದು, ನೀರ್‌ದೋಸೆ ತಿಂದು, ಆಟೋ ಹಿಡಿದೆ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ಊರ ತುಂಬಾ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಒಂದು ಮನೆಯ ಜಗಲಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಅವರ ಅಪ್ಪ ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡವರು.

'ಎಲ್ಲಾ ಶುರುವಾಗಿದ್ದು ಕೊಳಗದಿಂದ' ಅಂದರು. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಭೂಮಿಯ ಒಡೆಯರು ಕೊಡುವಾಗ ಒಂದು ಕೊಳಗ, ಗೇಣಿ, ಅಂದರೆ ಗದ್ದೆಯ ಬಾಡಿಗೆ ಭತ್ತ, ಅಳೆದುಕೊಳ್ಳುವಾಗ ಅದಕ್ಕಿಂತ ದೊಡ್ಡದು. ಗೇಣಿ ಮಾಡುತ್ತಿದ್ದವರು ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪ ಅವರನ್ನೆಲ್ಲ ಸೇರಿಸಿ ರೈತ ಸಂಘ ಕಟ್ಟಿದರು. ಸರ್ಕಾರಿ ಅಳತೆಯ ಕೊಳಗದಲ್ಲೇ ಅಳೀರಿ ಅಂತ ಕೇಳಿದ್ದಕ್ಕೆ ಒಡೆಯರು ಗದ್ದೆ ಬಿಡಿಸಿದರು. ಆಗ ಜನ ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿದರು, ಪೊಲೀಸರು ಹಿಡಿದರು. 1951ರ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದಾಗ ಅವರನ್ನೂ ಸಾಗರದಲ್ಲೇ ಬಂಧಿಸಿದರು. ಎಡಪಂಥದ ದೊಡ್ಡ ದೊಡ್ಡ ಪುಸ್ತಕಗಳಿವೆ, ಇರಲಿ. ಇಲ್ಲಿ ಅದು ಅಳತೆಯ ಜಗಳ. ನನಗೆ ಇದೇ ಜಾಸ್ತಿ ಅರ್ಥವಾಗುತ್ತದೆ.

ಗದ್ದೆ ನಿಜಕ್ಕೂ ಕೈಗೆ ಬಂದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದ ಮೇಲೆ. 'ಅಪ್ಪ ಡಿಕ್ಲರೇಷನ್ ಹಾಕಿದ್ರು, ಆಯ್ತು' ಅಂದರು ಅಜ್ಜ. ಗೇಣಿ ಮಾಡುವ ಗದ್ದೆ ನನ್ನದಾಗಲಿ ಅಂತ ಕೊಡುವ ಅರ್ಜಿ ಅದು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡರು. ಇದೇ ಊರಿನ ಕಾಗೋಡು ತಿಮ್ಮಪ್ಪ 2013ರಲ್ಲಿ ವಿಧಾನಸಭೆಯ ಅಧ್ಯಕ್ಷರಾದರು. ಎಡವೂ ಅಲ್ಲ, ಬಲವೂ ಅಲ್ಲ, ನಡುವಿನ ಕುರ್ಚಿ.

ಅಷ್ಟರಲ್ಲಿ ಅಜ್ಜನ ಮಗ ತೋಟದಿಂದ ಬಂದರು. ಬಂದವರೇ ಅಡಿಕೆ ಕೊಯ್ಯುವ ಕೊನೆಗಾರರ ಬಗ್ಗೆ ಗೊಣಗಿದರು. ಕೂಲಿ ಸಿಕ್ಕಾಪಟ್ಟೆ ಕೇಳ್ತಾರೆ, ಹೇಳಿದ ಹೊತ್ತಿಗೆ ಬರಲ್ಲ. ಅಜ್ಜ ನನ್ನ ಮುಖ ನೋಡಿ ನಕ್ಕರು. ಗೇಣಿ ಚೀಟಿ ಇದ್ದವನಿಗೆ ಭೂಮಿ ಸಿಕ್ಕಿತು. ಬರೀ ಕೂಲಿಗೆ ಹೋಗುತ್ತಿದ್ದವನಿಗೆ, ಅದರಲ್ಲೂ ದಲಿತರಿಗೆ, ಆ ಕಾನೂನಿನಿಂದ ಸಿಕ್ಕಿದ್ದು ಕಡಿಮೆ. ಹಾಗಾಗಿ ಒಂದೇ ಮನೆಯಲ್ಲಿ ಅಪ್ಪನ ನೆನಪು ಎಡಕ್ಕೆ, ಮಗನ ಲೆಕ್ಕ ಬಲಕ್ಕೆ. ಇದರಲ್ಲಿ ಮೋಸ ಏನೂ ಇಲ್ಲ. ಕೈಗೆ ತೋಟ ಬಂದ ಮೇಲೆ ಪ್ರಶ್ನೆಯೇ ಬೇರೆ, ಅಲ್ವಾ?

ಈ ಜಿಲ್ಲೆಯ ನಾಯಕರನ್ನೂ ಹಾಗೇ ನೋಡಬೇಕು. ಸೊರಬದ ಬಂಗಾರಪ್ಪ ಸಮಾಜವಾದಿಯಾಗಿ ಶುರು ಮಾಡಿ, ಕಾಂಗ್ರೆಸ್‌ನಿಂದ ಮುಖ್ಯಮಂತ್ರಿಯಾಗಿ, 2004ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಗೆದ್ದು, ಮರುವರ್ಷ ಸಮಾಜವಾದಿ ಪಕ್ಷದಿಂದ ಗೆದ್ದರು. ಆರೆಸ್ಸೆಸ್ ಶಾಖೆಯಿಂದ ಬಂದ ಶಿಕಾರಿಪುರದ ಯಡಿಯೂರಪ್ಪ 2018ರಲ್ಲಿ ಹಸಿರು ಶಾಲು ಹೊದ್ದು ದೇವರು ಮತ್ತು ರೈತರ ಹೆಸರಿನಲ್ಲಿ ಪ್ರಮಾಣ ಮಾಡಿದರು. ಎರಡು ವರ್ಷ ಬಿಟ್ಟು, 2020ರಲ್ಲಿ, ಅವರದೇ ಸರ್ಕಾರ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆಯಿತು. ರೈತರಲ್ಲದವರೂ, ಎಷ್ಟೇ ಆದಾಯ ಇರುವವರೂ ಹೊಲ ಕೊಳ್ಳಬಹುದು ಅಂತಾಯಿತು. ಉಳುವವನಿಗೇ ಭೂಮಿ ಅಂತ ಹೋರಾಡಿದ್ದು ಈ ಜಿಲ್ಲೆ. ಆ ಬೇಲಿ ಸಡಿಲ ಮಾಡಿದ್ದೂ ಇದೇ ಜಿಲ್ಲೆಯ ಮುಖ್ಯಮಂತ್ರಿ. ನನ್ನ ಮಟ್ಟಿಗೆ ಅದು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾದ ಬಲ.

ಮಧ್ಯಾಹ್ನ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬಸ್ಸು. ಗೋಪಾಲಗೌಡರು ಹುಟ್ಟಿದ ಆರಗ ಆ ತಾಲ್ಲೂಕಿನಲ್ಲೇ ಇದೆ. ಪಕ್ಕದಲ್ಲಿ ಕೂತವರು ತೋಟದವರು. ಎಲೆಚುಕ್ಕಿ ರೋಗ ಬಂದು ಮರ ಒಣಗುತ್ತಿದೆ ಅಂದರು. 2020ರಲ್ಲಿ ಆ ಕಾನೂನಿನ ವಿರುದ್ಧ ಶಿವಮೊಗ್ಗದ ಧರಣಿಗೂ ಹೋಗಿದ್ದರಂತೆ.

'ಈಗ ಏನಂತೀರಿ?' ಅಂತ ಕೇಳಿದೆ.

'ಕಾನೂನು ತಪ್ಪೇ' ಅಂದರು. ಬಸ್ಸು ಒಂದು ತಿರುವು ದಾಟುವವರೆಗೆ ಸುಮ್ನಿದ್ದು, 'ನೀವು ಬೆಂಗಳೂರಿನವರಾ? ಎರಡು ಎಕರೆ ಇದೆ, ನೀರು ಚೆನ್ನಾಗಿದೆ. ನಿಮ್ಮ ಕಡೆಯವರು ಯಾರಾದರೂ ತಗೊಳ್ತಾರಾ ಕೇಳಿ ನೋಡಿ' ಅಂದರು.