ಬಂಡೆ ನೇಯ್ದ ಮೇಷ್ಟ್ರು

ನಮ್ಮ ನೇಯ್ಗೆ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ದಿನ ಎಲ್ಲರೂ ನೆನೆಸಿಕೊಂಡಿದ್ದು ಹುಣಸೆ ಬೀಜವನ್ನು. ಈಗ ಓದುತ್ತಿರುವ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಚಿತ್ರದುರ್ಗದ ನಮ್ಮ ಶಾಲೆಯಲ್ಲಿ ನೇಯ್ಗೆಯೂ ಒಂದು ಪಾಠ. ಹಿಂದುಗಡೆಯ ಹೆಂಚಿನ ಕೋಣೆಯಲ್ಲಿ ಗುಣಿ ಮಗ್ಗ ಇತ್ತು, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಮೇಷ್ಟ್ರು ಚಳ್ಳಕೆರೆ ಕಡೆಯವರು, ಕಂಬಳಿ ನೇಯುವ ಮನೆತನ. ಪುಸ್ತಕದ ಪಾಠ ಒಂದಕ್ಷರವೂ ನೆನಪಿಲ್ಲ. ಉಣ್ಣೆಯ ವಾಸನೆ, ಲಾಳಿಯ ಸದ್ದು ಮಾತ್ರ ಇನ್ನೂ ಹಾಗೇ ಇದೆ.

ಹಾಸಿನ ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಜುಂಗು ಏಳಬಾರದು ಅಂತ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ ಕುದಿಸಬೇಕು. ಹುರಿದ ಹುಣಸೆ ಬೀಜದ ರುಚಿ ದುರ್ಗದ ಹುಡುಗರಿಗೆ ಹೇಳಿಕೊಡಬೇಕಾ? ಮೇಷ್ಟ್ರು ಡಬ್ಬದಲ್ಲಿ ಹುರಿದಿಟ್ಟಿದ್ದನ್ನೆಲ್ಲ ಜೇಬಿಗೆ ತುಂಬಿಕೊಂಡು ಗಣಿತದ ಪೀರಿಯಡ್ಡಿನಲ್ಲಿ ಕಟಕಟ ಕಡಿದೆವು. ಗಣಿತದ ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ಹಿಂದಿನ ಬೆಂಚನ್ನು ಪೂರ್ತಿ ಎಬ್ಬಿಸಿ ಬೆತ್ತ ತರಿಸಿದರು. ಅಷ್ಟರಲ್ಲಿ ಖಾಲಿ ಡಬ್ಬ ಹಿಡಿದು ನಮ್ಮ ಮೇಷ್ಟ್ರೇ ಬಾಗಿಲಿಗೆ ಬಂದರು. "ಇವರನ್ನ ನನಗೆ ಬಿಡಿ ಸಾರ್" ಅಂದರು.

ಭಾನುವಾರ ಬೆಳಿಗ್ಗೆ ಕೋಟೆ ಹತ್ತಿಸಿದರು. ಗೋಪಾಲಸ್ವಾಮಿ ಹೊಂಡದ ಹತ್ತಿರ ಒಂದು ಬಂಡೆಯ ಎದುರು ಕೂರಿಸಿ, "ಇದು ಯಾವ ಬಣ್ಣ, ಹೇಳ್ರಪ್ಪಾ" ಅಂದರು.

"ಕಪ್ಪು ಸಾರ್."

"ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡ್ರೋ. ನೋಡಿ ಹೇಳ್ರಿ."

ಸಂಜೆವರೆಗೂ ಅದೇ ಶಿಕ್ಷೆ. ಮಧ್ಯಾಹ್ನ ಅವರದೇ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ. ಬಿಸಿಲು ಏರಿದಂತೆ ಬಂಡೆ ಬೂದಿ ಬಣ್ಣಕ್ಕೆ ತಿರುಗಿತು. ಮಳೆನೀರು ಇಳಿದ ಕಡೆ ಕಪ್ಪು ಗೆರೆಗಳು ಕಂಡವು. ಹೊತ್ತು ಇಳಿಯುವಾಗ ಅದೇ ಬಂಡೆ ತೆಳು ಕೆಂಪು. ನನಗೆ ಆಮೇಲೆ ಬಂಡೆ ಬರೀ ಕಪ್ಪಾಗಿ ಕಂಡಿದ್ದೇ ಇಲ್ಲ.

ಶಾಲೆ ಮುಗಿದ ಮೇಲೆ ಮೇಷ್ಟ್ರು ತಮಗಾಗಿ ನೇಯುತ್ತಿದ್ದದ್ದು ಇಂಥ ಬಂಡೆಗಳನ್ನೇ. ನೆಲಕ್ಕೆ ಹಾಸುವ ಜಮಖಾನ, ಗೋಡೆಗೆ ತೂಗುಹಾಕುವ ಚಿತ್ರ. ಎಲ್ಲದರಲ್ಲೂ ನಮ್ಮ ಸೀಮೆಯೇ. ಬಣ್ಣ ಅದ್ದುತ್ತಿರಲಿಲ್ಲ. ಕುರಿಯ ಮೈಮೇಲಿನ ಕಪ್ಪು, ಬಿಳಿ, ಕಂದು ಅಷ್ಟೇ. ಕಪ್ಪು ಬಿಳಿ ಕೂಡಿಸಿ ಹಿಂಜಿದರೆ ಬೂದು. ಎಷ್ಟು ಕಪ್ಪಿಗೆ ಎಷ್ಟು ಬಿಳಿ ಅನ್ನುವುದರಲ್ಲೇ ಅವರ ಕೈಚಳಕ ಇತ್ತು. "ಆಕಾಶಕ್ಕೆ ನೀಲಿ ಬೇಡ್ವಾ ಸಾರ್?" ಅಂದಿದ್ದಕ್ಕೆ, "ಏಪ್ರಿಲ್ ಮಧ್ಯಾಹ್ನ ಹೊರಗೆ ಹೋಗಿ ನೋಡು" ಅಂದಿದ್ದರು. ಹೌದು, ಬಿಳುಚಿಕೊಂಡ ಆಕಾಶ.

ಒಂದು ಸಂಗತಿ ಹೇಳಲೇಬೇಕು. ಚಿತ್ರ ನೇಯುವಾಗ ಎರಡು ಬಣ್ಣದ ಹೊಕ್ಕು, ಅಂದರೆ ಅಡ್ಡ ನೂಲು, ಸಾಲು ಸಾಲಿಗೂ ಒಂದೇ ನೆಟ್ಟ ಗೆರೆಯವರೆಗೆ ಬಂದು ಹಿಂದಕ್ಕೆ ತಿರುಗಿದರೆ ನಡುವೆ ಸೀಳು ಉಳಿಯುತ್ತದೆ. ಸಾಮಾನ್ಯವಾಗಿ ಅದನ್ನು ಆಮೇಲೆ ಹೊಲಿಯುತ್ತಾರೆ, ಇಲ್ಲವೇ ಎರಡು ನೂಲನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾರೆ. ಮೇಷ್ಟ್ರು ಬಂಡೆ ಬಿರುಕು ಬಿಟ್ಟ ಕಡೆ ಮಾತ್ರ ಸೀಳನ್ನು ಹಾಗೇ ಬಿಡುತ್ತಿದ್ದರು. ಗೋಡೆಗೆ ಹಾಕಿದರೆ ಅದರೊಳಗೆ ನಿಜವಾದ ನೆರಳು ಬೀಳುತ್ತಿತ್ತು. ಬಂಡೆಯ ಗೆರೆಚಿತ್ರ ಬರೆಯಲು ಅವರು ಕರೆಯುತ್ತಿದ್ದದ್ದು ನನ್ನನ್ನೇ. ಇವತ್ತು ಬೆಂಗಳೂರಿನಲ್ಲಿ ಕಟ್ಟಡಗಳ ನಕ್ಷೆ ಮಾಡುತ್ತೇನೆ. ಕಲ್ಲು, ಬಣ್ಣ ಆರಿಸುವುದರಲ್ಲಿ ನನ್ನ ಕಣ್ಣು ಒಳ್ಳೆಯದು ಅಂತ ಹೆಸರಿದೆ. ಆ ಕಣ್ಣು ಕೊಟ್ಟವರು ಅವರು.

ವಾಣಿವಿಲಾಸ ಸಾಗರವನ್ನು ಅವರು ಎಷ್ಟೋ ಸಲ ನೇಯ್ದಿದ್ದರು. ಪ್ರತಿ ಸಲವೂ ನೀರು ತೆಳ್ಳಗೆ, ಒಣಗಿದ ದಡ ಅಗಲ. 1907ರಲ್ಲಿ ಮುಗಿದ ಅಣೆಕಟ್ಟು, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. 130 ಅಡಿ ತುಂಬಿದಾಗ ಮೇಷ್ಟ್ರು ಮಗಳ ಜೊತೆ ಹೋಗಿ ನೋಡಿ ಬಂದು, ಮಗ್ಗಕ್ಕೆ ಹೊಸ ಹಾಸು ಹೂಡಿದರಂತೆ. ಅದನ್ನು ನಾನು ಅವರ ಮನೆಯಲ್ಲಿ ನೋಡಿದೆ. ದಡವೇ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ನೀರು, ಬೂದು ಬೂದು ಅಲೆ. ವಯಸ್ಸಾದ ಕೈ ಅಂತ ಎಲ್ಲೂ ಅನ್ನಿಸುವುದಿಲ್ಲ.

ನಮ್ಮ ಮಗ್ಗದ ಕೋಣೆಯಲ್ಲಿ ಈಗ ಕಂಪ್ಯೂಟರ್‌ಗಳಿವೆ. ಅವೂ ಬೇಕು. ಬೇಡ ಅನ್ನುವುದಿಲ್ಲ. ಆದರೆ ಎಂಟನೇ ಕ್ಲಾಸಿನಿಂದಲೇ ಮಕ್ಕಳು ಅಂಕ, ಟ್ಯೂಷನ್ ಅಂತ ಓಡುತ್ತಿದ್ದಾರೆ. ಕೋಟೆ ಕಣ್ಣೆದುರಿಗೇ ಇದೆ. ಒಂದು ದಿನ ಪೂರ್ತಿ ಒಂದು ಬಂಡೆ ನೋಡು ಅಂತ ಕೂರಿಸುವವರು ಬೇಕಲ್ವಾ?

ಮುಖ್ಯೋಪಾಧ್ಯಾಯರಿಗೆ ನಮ್ಮ ಬ್ಯಾಚಿನ ಪರವಾಗಿ ಒಂದು ಮಾತು ಕೊಟ್ಟಿದ್ದೇನೆ. ಮಗ್ಗದ ಖರ್ಚು ನಮ್ಮದು, ಉಣ್ಣೆಯದೂ ನಮ್ಮದು. ಚಳ್ಳಕೆರೆಯಿಂದ ವಾರಕ್ಕೊಮ್ಮೆ ಬಂದು ಕಲಿಸಲು ಕಂಬಳಿ ನೇಯುವವರೊಬ್ಬರು ಒಪ್ಪಿದ್ದಾರೆ. ಆ ಕೊನೆಯ ಚಿತ್ರವನ್ನು ಶಾಲೆಗೆ ಕೊಡಲು ಮಗಳೂ ಒಪ್ಪಿದ್ದಾರೆ. ಇನ್ನು ಒಂದು ಕೋಣೆ ಬೇಕು. ಹೆಂಚಿನದಾದರೂ ಆದೀತು.