ವಿಟಮಿನ್ ಡಿ ತೆಗೆದುಕೊಂಡರೆ ಕಬ್ಬಿಣದ ಕೊರತೆ ನೀಗುತ್ತದೆಯೇ?

ರಕ್ತಹೀನತೆ ಇರುವವರ ವರದಿಯಲ್ಲಿ ವಿಟಮಿನ್ ಡಿ ಕೂಡ ಕಡಿಮೆ ಇರುವುದು ಈಗ ಅಪರೂಪವೇನಲ್ಲ. ಎರಡೂ ಒಟ್ಟಿಗೆ ಕಾಣಿಸಿಕೊಂಡಾಗ, ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿಯೇ ಏರಬಹುದೇ ಎಂಬ ಆಸೆ ಹುಟ್ಟುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇರುವುದರಿಂದ, ಇದು ಬಹಳಷ್ಟು ಮನೆಗಳಲ್ಲಿ ಏಳುವ ಪ್ರಶ್ನೆಯೇ ಹೌದು. ಇವೆರಡರ ನಡುವೆ ನಂಟಿದೆ. ಆದರೆ ಕಬ್ಬಿಣದ ಮಾತ್ರೆಯ ಬದಲಿಗೆ ವಿಟಮಿನ್ ಡಿ ನುಂಗುವಷ್ಟು ಗಟ್ಟಿಯಾದ ನಂಟಲ್ಲ ಎಂಬುದು ನನ್ನ ಅಭಿಪ್ರಾಯ.

ನಂಟು ಏರ್ಪಡುವುದು ಹೆಪ್ಸಿಡಿನ್ ಎಂಬ ಹಾರ್ಮೋನಿನ ಮೂಲಕ. ಯಕೃತ್ತು ತಯಾರಿಸುವ, ಕೇವಲ 25 ಅಮೈನೋ ಆಮ್ಲಗಳ ಈ ಪುಟ್ಟ ಹಾರ್ಮೋನು, ಕರುಳಿನ ಜೀವಕೋಶಗಳಿಂದಲೂ ಹಳೆಯ ರಕ್ತಕಣಗಳನ್ನು ಅರಗಿಸುವ ಮ್ಯಾಕ್ರೋಫೇಜ್‌ಗಳಿಂದಲೂ ಕಬ್ಬಿಣವನ್ನು ರಕ್ತಕ್ಕೆ ಬಿಡುವ ಫೆರೋಪೋರ್ಟಿನ್ ಎಂಬ ಪ್ರೋಟೀನನ್ನು ನಾಶಮಾಡುತ್ತದೆ. ಫೆರೋಪೋರ್ಟಿನ್ ಕೆರೆಯ ತೂಬಾದರೆ ಹೆಪ್ಸಿಡಿನ್ ಅದನ್ನು ಮುಚ್ಚುವ ನೀರುಗಂಟಿ. ದೇಹದಲ್ಲಿ ಉರಿಯೂತವಿದ್ದಾಗ ಹೆಪ್ಸಿಡಿನ್ ಹೆಚ್ಚುತ್ತದೆ. ಆಗ ದಾಸ್ತಾನಿನಲ್ಲಿ ಕಬ್ಬಿಣವಿದ್ದೂ ರಕ್ತ ತಯಾರಿಕೆಗೆ ಸಿಗುವುದಿಲ್ಲ.

ವಿಟಮಿನ್ ಡಿ ಈ ಹೆಪ್ಸಿಡಿನ್ ತಯಾರಿಕೆಯನ್ನೇ ತಗ್ಗಿಸುತ್ತದೆ ಎಂಬುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೆಲವೇ ಮಂದಿ ಆರೋಗ್ಯವಂತರಿಗೆ ಒಂದೇ ಬಾರಿಗೆ 1 ಲಕ್ಷ ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ ಕೊಟ್ಟಾಗ, 24 ಗಂಟೆಗಳೊಳಗೆ ಅವರ ರಕ್ತದ ಹೆಪ್ಸಿಡಿನ್ ಶೇ 34ರಷ್ಟು ಇಳಿದಿತ್ತು. 2017ರ ಇನ್ನೊಂದು ಪ್ರಯೋಗದಲ್ಲಿ 2.5 ಲಕ್ಷ ಐಯು ಕೊಟ್ಟಾಗಲೂ ಒಂದು ವಾರದಲ್ಲಿ ಹೆಪ್ಸಿಡಿನ್ ಇಳಿಯಿತು, ಆದರೆ ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಮಾತ್ರ ಕದಲಲಿಲ್ಲ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ನಿಜವಾದ ಕಬ್ಬಿಣದ ಕೊರತೆಯಲ್ಲಿ ದೇಹವು ತಾನಾಗಿಯೇ ಹೆಪ್ಸಿಡಿನ್ ಅನ್ನು ತಳಮಟ್ಟಕ್ಕೆ ಇಳಿಸಿರುತ್ತದೆ. ತೂಬು ಆಗಲೇ ತೆರೆದಿದೆ, ಕೆರೆಯಲ್ಲೇ ನೀರಿಲ್ಲ. ಹೀಗಾಗಿ, ವಿಟಮಿನ್ ಡಿಯಿಂದ ಏನಾದರೂ ಪ್ರಯೋಜನ ನಿರೀಕ್ಷಿಸುವುದಾದರೆ ಮುಟ್ಟಿನ ರಕ್ತಸ್ರಾವದಿಂದ ಕಬ್ಬಿಣ ಕಳೆದುಕೊಂಡವರಲ್ಲಿ ಅಲ್ಲ, ಮೂತ್ರಪಿಂಡದ ಕಾಯಿಲೆಯೋ ದೀರ್ಘಕಾಲದ ಉರಿಯೂತವೋ ಇದ್ದು ಹೆಪ್ಸಿಡಿನ್ ಏರಿರುವವರಲ್ಲಿ.

ನಂಟು ಹಿಮ್ಮುಖವಾಗಿಯೂ ಸಾಗುತ್ತದೆ. ವಿಟಮಿನ್ ಡಿಯನ್ನು ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಸಕ್ರಿಯಗೊಳಿಸುವ ಕಿಣ್ವಗಳ ಒಡಲಲ್ಲಿ ಹೀಮ್, ಅಂದರೆ ಕಬ್ಬಿಣವುಳ್ಳ ಅಣುವೇ ಇದೆ.

ಮನೆಮಟ್ಟದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ನನ್ನ ಅತ್ತಿಗೆಯ ಹಿಮೋಗ್ಲೋಬಿನ್ 9.6 ಇದ್ದಾಗ ವೈದ್ಯರು ಕಬ್ಬಿಣದ ಮಾತ್ರೆ, ವಾರಕ್ಕೊಮ್ಮೆ 60,000 ಐಯು ವಿಟಮಿನ್ ಡಿ, ಜೊತೆಗೆ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರು. ಮರೆತುಹೋಗಬಾರದೆಂದು ಅವರು ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ರಾತ್ರಿ ಊಟವಾದ ಕೂಡಲೇ ಒಂದು ಲೋಟ ಹಾಲಿನೊಂದಿಗೆ ನುಂಗುತ್ತಿದ್ದರು. ಕಬ್ಬಿಣವು ಕರುಳಿನಲ್ಲಿ ಹೀರಿಕೆಯಾಗುವುದನ್ನು ತಡೆಯುವುದು ಕ್ಯಾಲ್ಸಿಯಂ, ವಿಟಮಿನ್ ಡಿ ಅಲ್ಲ. ಆದರೆ ಔಷಧಿ ಅಂಗಡಿಯಲ್ಲಿ ಸಿಗುವ ಬಹುಪಾಲು ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಡಿ3 (ವಿಟಮಿನ್ ಡಿಯ ಒಂದು ರೂಪ) ಸೇರಿಯೇ ಇರುವುದರಿಂದ, "ವಿಟಮಿನ್ ಡಿ ತಗೊಂಡ್ರೆ ಕಬ್ಬಿಣ ಹತ್ತಲ್ಲ" ಎಂಬ ಮಾತು ಹಬ್ಬಿರಬೇಕು ಎಂದು ನನ್ನ ಊಹೆ. ಗರ್ಭಿಣಿಯರಿಗೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ 250 ಐಯು ಡಿ3 ಇರುವ ಮಾತ್ರೆಯನ್ನು ದಿನಕ್ಕೆರಡು ಬಾರಿ ಕೊಡುವ ಸರ್ಕಾರಿ ಕಾರ್ಯಕ್ರಮದಲ್ಲಿಯೂ, ಅದನ್ನು ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆಯೊಂದಿಗೆ ತೆಗೆದುಕೊಳ್ಳಬಾರದೆಂಬ ಸೂಚನೆಯಿದೆ.

ವೈದ್ಯರನ್ನು ಕೇಳಿಯೇ ಅತ್ತಿಗೆ ಈಗ ಕಬ್ಬಿಣದ ಮಾತ್ರೆಯನ್ನು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುತ್ತಾರೆ, ಕಾಫಿಯನ್ನು ಅದರ ಹತ್ತಿರಕ್ಕೂ ತರುವುದಿಲ್ಲ. ಕ್ಯಾಲ್ಸಿಯಂ ರಾತ್ರಿ ಊಟಕ್ಕೇ ಉಳಿದಿದೆ. 60,000 ಐಯು ಮಾತ್ರೆಯನ್ನು ವೈದ್ಯರು 8 ವಾರಗಳಾದ ಮೇಲೆ ನಿಲ್ಲಿಸಿದರು. ಕೊಬ್ಬಿನಲ್ಲಿ ಕರಗಿ ದೇಹದಲ್ಲಿಯೇ ಉಳಿಯುವ ಈ ವಿಟಮಿನ್ ಅತಿಯಾದರೆ ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದನ್ನೇ ಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಕಬ್ಬಿಣಕ್ಕಿಂತ ಇದರದೇ ಚಿಂತೆ.